ಮೇಲಿನಿಂದ ಮೂರನೆಯ ಹೆಸರು

ಆ ಮನೆಯಲ್ಲಿ ಉಣ್ಣುವವರು ನಾಲ್ವರು: ಮಾವ, ಸೊಸೆ, ಅವಳ ಗಂಡ, ಮಗಳು. ಅಕ್ಕಿ ಮಾತ್ರ ದಿನವೂ ಐದು ಹಿಡಿ ಬೀಳುತ್ತಿತ್ತು. ಈ ಒಂದು ಹಿಡಿಯ ಹೆಚ್ಚಳ ಸೊಸೆಯು ಮದುವೆಯಾಗಿ ಬಂದ ಮೊದಲ ಬೆಳಗಿನಿಂದ ಕಂಡುಕೊಂಡು ಬಂದ ಸಂಗತಿ. ಮಾವನು ಒಲೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಡಬ್ಬಿಗೆ ಕೈಯಿಳಿಸಿ, ತಲೆಗೊಂದು ಹಿಡಿಯಂತೆ ಪಾತ್ರೆಗೆ ಸುರಿದು, ಕಡೆಯಲ್ಲಿ "ತಡವಾಗಿ ಬರೋನಿಗೆ" ಎಂದು ಗೊಣಗಿ ಇನ್ನೊಂದು ಹಿಡಿಯನ್ನು ಸೇರಿಸುವನು. ಇಪ್ಪತ್ತು ವರ್ಷಗಳಲ್ಲಿ ಆ ತಡವಾಗಿ ಬರುವವನು ಒಮ್ಮೆಯೂ ಬಂದಿರಲಿಲ್ಲ. ಮಿಕ್ಕ ಗಂಜಿಯನ್ನು ತಿಂದು ಹಿತ್ತಿಲ ಕೋಳಿಗಳು ಸಿರಿವಂತರ ಮನೆಯ ಅಳಿಯಂದಿರಂತೆ ಕೊಬ್ಬಿ ಓಡಾಡುತ್ತಿದ್ದವು.

"ಮಾವ, ಕೋಳಿಗೆ ಹೊಟ್ಟು ಇದೆ. ಗಿರಣಿ ಹಿಂದೇನೇ ಮನೆ ಇದೆ, ಹೊಟ್ಟಿಗೇನು ಬರ. ಅಕ್ಕಿ ಯಾಕೆ ಹಾಕ್ತೀರಿ?"

"ಅಭ್ಯಾಸ."

"ದಿನಾ ಒಂದು ಹಿಡಿ ಹಾಳು ಮಾಡೋ ಅಭ್ಯಾಸಾನ ನಾನು ಎಲ್ಲೂ ನೋಡಿಲ್ಲ."

"ಈಗ ನೋಡ್ತಿದ್ದೀಯಲ್ಲ."

ಮಾವನು ಯೌವನದಲ್ಲಿ ಯುದ್ಧಕ್ಕೆ ಹೋಗಿ ಬಂದವನು. ಬಂದೂಕು ಹಿಡಿದಲ್ಲ, ಸೌಟು ಹಿಡಿದು. ಊರಿನಿಂದ ಹೊರಟ ದಂಡಿಗೆ ಎರಡು ವರ್ಷ ಬೇಯಿಸಿ ಬಡಿಸಿದವನೆಂದು ಊರು ಅವನನ್ನು ಸೌಟಜ್ಜನೆಂದು ಕರೆಯುತ್ತಿತ್ತು. ಆ ಹೆಸರಿನಲ್ಲಿ ಗೌರವಕ್ಕಿಂತ ನಗೆಯೇ ಹೆಚ್ಚು. ಅವನ ಇನ್ನೊಂದು ವಿಚಿತ್ರವೆಂದರೆ, ಗಂಜಿಗೆ ಉಪ್ಪು ಸೇರಿಸಿಕೊಳ್ಳುತ್ತಿರಲಿಲ್ಲ. ಅವನೊಬ್ಬನಿಗಾಗಿ ಇಡೀ ಪಾತ್ರೆ ಸಪ್ಪೆಯಾಗಿ ಬೇಯಬೇಕು. ಉಳಿದ ಮೂವರು ತಮ್ಮ ತಮ್ಮ ಬಟ್ಟಲಿಗೆ ಉಪ್ಪು ಉದುರಿಸಿಕೊಳ್ಳಬೇಕು. ವೈದ್ಯನು ಹೇಳಿದ ಪಥ್ಯವೋ ಎಂದರೆ ಅದೂ ಅಲ್ಲ. ಮುದುಕನ ಹಟವೆಂದು ಸೊಸೆ ತೀರ್ಮಾನಿಸಿದ್ದಳು. ಹಟಮಾರಿ ಗಂಡಸರ ವಿಷಯದಲ್ಲಿ ಅವಳ ತೀರ್ಮಾನಗಳು ಬೇಗನೆ ಆಗುತ್ತಿದ್ದವು.

ಹೀಗಿರುವಲ್ಲಿ, ಹೊಳೆಯಾಚೆಯ ಹಳ್ಳಿಯವರು ತಮ್ಮ ಯೋಧರ ಹೆಸರುಗಳನ್ನು ಕೊರೆಸಿ ಒಂದು ಕಲ್ಲು ನಿಲ್ಲಿಸಿದರು. ಸುತ್ತ ಕಬ್ಬಿಣದ ಕಟಕಟೆಯನ್ನೂ ಇಟ್ಟರು. ಯುದ್ಧ ಮುಗಿದು ಐವತ್ತು ವರ್ಷಗಳಾದರೂ ಈ ಊರಿನಲ್ಲಿ ಸತ್ತವರನ್ನು ನೆನೆದು ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ಆ ಕಟಕಟೆಯನ್ನು ಕಂಡ ಮೇಲೆ ಕೆಟ್ಟಿತು. ಕೂಡಲೇ ಸ್ಮಾರಕ ಸಮಿತಿಯೊಂದು ಹುಟ್ಟಿಕೊಂಡಿತು. ಸದಸ್ಯರು ಹನ್ನೊಂದು ಜನ. ಅಧ್ಯಕ್ಷನು ಅಕ್ಕಿ ಗಿರಣಿಯ ಯಜಮಾನ. ಸಮಿತಿ ಏಳು ಸಲ ಕೂಡಿತು. ಅದರಲ್ಲಿ ಆರು ಸಭೆಗಳು, ಕಲ್ಲಿನ ಕೆಳಭಾಗದಲ್ಲಿ ಸಮಿತಿಯವರ ಹೆಸರುಗಳನ್ನು ಯಾವ ಅನುಕ್ರಮದಲ್ಲಿ, ಎಷ್ಟು ದಪ್ಪ ಅಕ್ಷರದಲ್ಲಿ ಕೊರೆಸಬೇಕೆಂಬ ಗಹನವಾದ ಚರ್ಚೆಗೆ ಸಂದವು. ಏಳನೆಯದರಲ್ಲಿ, ಎಲ್ಲರೂ ಏಳುವ ಹೊತ್ತಿಗೆ, ಯಾರೋ ಒಬ್ಬನು ಯೋಧರ ನೆನಪು ತೆಗೆದನು.

ಮರುದಿನವೇ ಗಿರಣಿ ಯಜಮಾನನು ಸೌಟಜ್ಜನ ಮನೆಗೆ ಬಂದನು. ಹೊರಕೋಣೆಯಲ್ಲಿ ಕಿಟಕಿಗೆ ಒತ್ತಿದಂತೆ ಸೊಸೆಯ ಹೊಲಿಗೆ ಯಂತ್ರ, ಅದರ ಮೇಲೆ ಶಾಲೆಯ ಸಮವಸ್ತ್ರಗಳ ರಾಶಿ, ಎಲ್ಲದರ ಮೇಲೂ ಗಿರಣಿಯಿಂದ ಹಾರಿ ಬಂದ ತೌಡಿನ ತೆಳ್ಳನೆಯ ಲೇಪ. ಇದ್ದೊಂದು ಕುರ್ಚಿಯಲ್ಲಿ ಅವನು ಕುಳಿತನು. ಗಾರೆ ಕೆಲಸದ ಗಂಡನು ಕೈಯ ಸುಣ್ಣವನ್ನೂ ತೊಳೆಯದೆ ಓಡಿಬಂದು ಬಾಗಿಲಿಗೆ ಒರಗಿ ನಿಂತನು. ಯಜಮಾನನ ಎದುರಿನಲ್ಲಿ ಅವನ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಎಷ್ಟೋ ಗೋಡೆಗಳನ್ನು ತೂಗುಗುಂಡು ಬಿಟ್ಟು ನೆಟ್ಟಗೆ ಎಬ್ಬಿಸಿದವನು ತಾನು ಮಾತ್ರ ಎಂದೂ ನೆಟ್ಟಗೆ ನಿಂತವನಲ್ಲ.

"ಸೌಟಜ್ಜ, ಆ ದಂಡಲ್ಲಿ ಉಳಿದಿರೋನು ನೀನೊಬ್ಬನೇ," ಎಂದನು ಯಜಮಾನ. "ಈ ಪಟ್ಟಿಗೆ ನಿನ್ನ ರುಜು ಬೇಕು. ಇವರೆಲ್ಲ ಯುದ್ಧದಲ್ಲಿ ಇದ್ದದ್ದು ನಿಜ ಅಂತ. ಆಮೇಲೆ ಕಲ್ಲು ತೆರೆಯೋ ದಿನ ನೀನೇ ಗಂಜಿ ಮಾಡ್ಬೇಕು. ಆಗ ಹೆಂಗೆ ಮಾಡ್ತಿದ್ಯೋ ಹಂಗೇ. ವೀರರ ಗಂಜಿ ಅಂತ ಬಂದವರಿಗೆಲ್ಲ ಒಂದೊಂದು ಬಟ್ಟಲು ಕೊಡೋಣ."

"ಎಷ್ಟು ಹೆಸರಿದೆ?" ಎಂದನು ಮಾವ.

"ಹದಿನೇಳು."

"ಹದಿನೆಂಟು ಜನ ಹೋಗಿದ್ವಿ."

"ದಾಖಲೇಲಿ ಹದಿನೇಳೇ ಇರೋದು ಅಜ್ಜ. ನಮ್ಮಪ್ಪನ ಹೆಸರನ್ನ ಮೊದಲು ಹಾಕಿ ಅಂತ ಎಲ್ಲರೂ ದುಂಬಾಲು ಬಿದ್ರು. ನಾನೇ ಬೇಡ ಅಂದೆ. ಮೂರನೇದಿರ್ಲಿ. ನಮಗೆ ದೊಡ್ಡಸ್ತಿಕೆ ಬೇಡ."

ಯಜಮಾನನ ತಂದೆ ಆ ದಂಡಿನ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಯುದ್ಧದಿಂದ ಮರಳಿದ ವರ್ಷವೇ ಗಿರಣಿ ಹಾಕಿದನು. ಅದರ ಹಿಂದಿನ ಈ ಮನೆಯಲ್ಲಿ ಅಡುಗೆಯವನನ್ನು ಇರಿಸಿದನು. "ಇರೋಷ್ಟು ದಿನ ಇರು" ಎಂಬ ಬಾಯಿಮಾತಿನ ಮೇಲೆ ಐವತ್ತು ವರ್ಷ ಸಂಸಾರ ನಡೆದಿತ್ತು; ಕಾಗದವೆಂಬುದು ಇರಲಿಲ್ಲ.

"ಕಲ್ಲು ತೆರೆಯೋದು ಮುಗೀಲಿ," ಎಂದನು ಯಜಮಾನ, ಈ ಸಲ ಸೊಸೆಯ ಕಡೆಗೆ ತಿರುಗಿ. "ಈ ಮನೆ ಪತ್ರಾನ ನಿಮ್ಮ ಹೆಸರಿಗೇ ಮಾಡಿಸಿಬಿಡ್ತೀನಿ. ವೀರನ ಮನೆ ಅಲ್ವೇನಮ್ಮ ಇದು. ಕಲ್ಲಿನ ಸುತ್ತ ಜಗಲಿ ಕಟ್ಟೋ ಕೆಲಸಾನೂ ನಿಮ್ಮ ಯಜಮಾನ್ರಿಗೇ."

ಸೊಸೆಯು ಇಪ್ಪತ್ತು ವರ್ಷ ಆ ಗೋಡೆಗಳಿಗೆ ಸುಣ್ಣ ಬಳಿದಿದ್ದಳು. ಮಳೆಗೆ ಸೋರುವ ಹೆಂಚು ಯಾವುದೆಂಬುದನ್ನು ಕಣ್ಣುಮುಚ್ಚಿ ತೋರಿಸಬಲ್ಲಳು. ಪತ್ರವೆಂಬ ಮಾತು ಕಿವಿಗೆ ಬಿದ್ದೊಡನೆ ಅವಳ ಕೈ ತಾನಾಗಿ ಹೊಲಿಗೆ ಯಂತ್ರದ ಮೇಲಿನ ತೌಡನ್ನು ಒರಸತೊಡಗಿತು.

"ರುಜು ಹಾಕಿಬಿಡಪ್ಪ," ಎಂದನು ಗಂಡ.

"ಕನ್ನಡಕ ಇಲ್ಲ," ಎಂದು ಮಾವನು ಎದ್ದು ಒಳಗೆ ಹೋದನು. ಅವನಿಗೆ ಕನ್ನಡಕವೆಂಬುದು ಎಂದೂ ಇದ್ದಿರಲಿಲ್ಲ.

ಮರುದಿನದಿಂದ ಮಾವನ ಬಟ್ಟಲಿನ ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯೊಂದು ಕಾಣಿಸಿಕೊಂಡಿತು. ಮೂರನೆಯ ದಿನ ಹಾಲು ಬಂತು. ಗಂಡನು ಹೊಸ ಅಂಗಿಯ ಬಟ್ಟೆ ತಂದನು. ಸೊಸೆ ಅದನ್ನು ಸಮವಸ್ತ್ರಗಳ ಸಾಲು ಮುರಿದು ಮೊದಲು ಹೊಲಿದಳು. ಇಷ್ಟು ವರ್ಷ ಕಡೆಯಲ್ಲಿ ಬಡಿಸಿಕೊಳ್ಳುತ್ತಿದ್ದ ಮುದುಕನಿಗೆ ಈಗ ಮೊದಲ ಸೌಟು. ಉಪಚಾರದ ಕಾರಣ ಮನೆಯ ಎಲ್ಲರಿಗೂ ಗೊತ್ತಿತ್ತು; ತಿನ್ನುವವನಿಗೂ ಗೊತ್ತಿತ್ತು. ಆದರೂ ಅವನು ಮೊಟ್ಟೆಯನ್ನು ಬಿಡುತ್ತಿರಲಿಲ್ಲ. ಅದನ್ನು ಕಂಡು ಸೊಸೆಗೆ ಹೇಸಿಕೆಯಾಗುತ್ತಿತ್ತು. ಮೊಟ್ಟೆ ಬೇಯಿಸಿದ ತನ್ನ ಕೈಯನ್ನು ನೆನೆದರೆ ಆ ಹೇಸಿಕೆ ಇಮ್ಮಡಿಯಾಗುತ್ತಿತ್ತು.

"ಮೊಟ್ಟೆ ತಿನ್ನೋಕೆ ಕನ್ನಡಕ ಬೇಡ," ಎಂದಳು ಒಂದು ದಿನ.

"ಮೊಟ್ಟೆ ದೊಡ್ಡದಿದೆ, ಕಾಣತ್ತೆ," ಎಂದನು ಮಾವ.

ಹದಿನೈದು ದಿನ ಹೀಗೆಯೇ ಕಳೆಯಿತು. ಊರ ನಡುವೆ ಜಗಲಿ ಏಳುತ್ತಿತ್ತು. ಗಂಡನು ಸಂಜೆ ಬಂದು ಕೈಕಾಲು ತೊಳೆಯುತ್ತ, ಇವತ್ತು ಇಂಥ ಸದಸ್ಯ ಬಂದು ಕಲ್ಲು ಮುಟ್ಟಿ ನೋಡಿದ, ಅಂಥ ಸದಸ್ಯ ತನ್ನ ಹೆಸರಿಗೆ ಬಿಸಿಲು ಬೀಳತ್ತೋ ಇಲ್ವೋ ಅಂತ ಕೇಳಿದ ಎಂದು ವರದಿ ಒಪ್ಪಿಸುತ್ತಿದ್ದನು. ಊಟದ ಕೊನೆಯಲ್ಲಿ ತಪ್ಪದೆ, "ಅಪ್ಪ, ರುಜು?" ಎಂದು ಕೇಳುವನು, ಮಾವನು ತಪ್ಪದೆ, "ನೋಡೋಣ" ಎನ್ನುವನು.

ಒಂದು ದಿನ ಗಂಡನು ಕೇಳಲಿಲ್ಲ.

"ಏನ್ರೀ, ಇವತ್ತು ರುಜು ಸುದ್ದಿ ಇಲ್ಲ?" ಎಂದಳು ಸೊಸೆ.

"ಕೊಟ್ಟಾಯ್ತು."

"ಯಾರು ಕೊಟ್ಟಿದ್ದು?"

ಗಂಡನು ಗಂಜಿಯಲ್ಲಿ ಬೆರಳಾಡಿಸಿದನು. "ಅಪ್ಪನ ಅಕ್ಷರ ನಂಗೂ ಬರತ್ತೆ. ಕಲ್ಲು ಕೊರೆಯೋನು ಕಾಯ್ತಾ ಕೂತಿದ್ದ. ಎಷ್ಟು ದಿನ ಅಂತ ಕಾಯಿಸೋದು?"

ಮಾವನು ತಲೆಯೆತ್ತಿ ಮಗನನ್ನು ನೋಡಿದನು. ಬಯ್ಯಲಿಲ್ಲ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಹಳೆಯ ಪರಿಚಯದವನನ್ನು ದಾರಿಯಲ್ಲಿ ಕಂಡಂತಹ ಒಂದು ಭಾವವಿತ್ತು. ಅದರ ಅರ್ಥ ಸೊಸೆಗೆ ತಿಳಿದುದು ಮುಂದಿನ ವಾರ.

ಮೊಮ್ಮಗಳ ಅಕ್ಷರ ದುಂಡಗಿತ್ತೆಂದು, ಸಮಿತಿಯವರು ಹಳೆಯ ಕಾಗದಗಳ ಒಂದು ತಗಡಿನ ಪೆಟ್ಟಿಗೆಯನ್ನು ಕಳಿಸಿ, ಯುದ್ಧದ ಸುದ್ದಿಯಿರುವುದನ್ನೆಲ್ಲ ಒಂದು ಪುಸ್ತಕಕ್ಕೆ ಬರೆದುಕೊಡಲು ಹೇಳಿದ್ದರು. ಆ ಪೆಟ್ಟಿಗೆಯನ್ನು ಐವತ್ತು ವರ್ಷ ಯಾರೂ ತೆರೆದಿರಲಿಲ್ಲ. ಈಗಲೂ ಸಮಿತಿಯ ಹನ್ನೊಂದು ಜನರಲ್ಲಿ ಒಬ್ಬನಾದರೂ ಬಗ್ಗಿ ನೋಡುವ ಶ್ರಮ ಪಡಲಿಲ್ಲ. ಹುಡುಗಿಯು ದಿನವೂ ಊಟಕ್ಕೆ ಮುಂಚೆ ಬರೆಯುತ್ತ ಕೂರುತ್ತಿದ್ದಳು.

"ಅಮ್ಮಾ, ಇಲ್ಲಿ ಒಬ್ಬ ಓಡಿಹೋದೋನ ಕಥೆ ಇದೆ," ಎಂದು ಓದಿದಳು. "'ನೀರು ಹೊರುವ ಕೆಲಸದವನು ಈ ದಿನ ಬೆಳಿಗ್ಗೆ ಎರಡು ಕೊಡಗಳೊಂದಿಗೆ ಹೊಳೆಗೆ ಹೋದವನು, ಶತ್ರುಗಳಿಗೆ ಹೆದರಿ ಓಡಿಹೋಗಿರುತ್ತಾನೆ. ಕಂಡು ಬರೆದವನು ಉಗ್ರಾಣದವನು. ಕಂಡು ಒಪ್ಪಿದವನು ಅಡುಗೆಯವನು.' ಅಜ್ಜ, ಇದು ನಿಮ್ಮ ರುಜು ಅಲ್ವಾ? ಕಡೇ ಅಕ್ಷರಕ್ಕೆ ಬಾಲ ಎಳೆದಿರೋದು ನನ್ನ ಶಾಲೆ ಪುಸ್ತಕದಲ್ಲಿ ಹಾಕ್ತಿದ್ರಲ್ಲ, ಹಂಗೇ ಇದೆ."

ಮಾವನು ಮೊಟ್ಟೆ ಸುಲಿಯುತ್ತಿದ್ದನು. ಸಿಪ್ಪೆಯನ್ನು ಪೂರ್ತಿ ಸುಲಿದು, ಮೊಟ್ಟೆಯನ್ನು ಬಟ್ಟಲಿನಲ್ಲಿಟ್ಟು, ಕೈ ಒರಸಿಕೊಂಡನು.

"ನಂದೇ."

"ಓಡಿಹೋದ್ನಾ ಅವನು?"

"ಇಲ್ಲ. ಹೊಳೆ ನಡುವೆ ಗುಂಡು ಬಿತ್ತು. ಅವನು ಮುಳುಗಿದ. ಕೊಡ ಎರಡೂ ತೇಲಿ ದಡಕ್ಕೆ ಬಂದ್ವು. ನಾನೇ ಎತ್ಕೊಂಡೆ. ಅದರಲ್ಲಿ ಇದ್ದಷ್ಟು ನೀರಲ್ಲೇ ಆವತ್ತು ಗಂಜಿ ಮಾಡ್ದೆ."

ಯಾರೂ ಉಣ್ಣಲಿಲ್ಲ.

"ಮತ್ತೆ ಓಡಿಹೋದ ಅಂತ ಯಾಕೆ ಬರೆದ್ರಿ, ಮಾವ?" ಎಂದಳು ಸೊಸೆ.

"ಬರೆದಿದ್ದು ಉಗ್ರಾಣದೋನು. ದಂಡಿಗೆ ಬರ್ತಿದ್ದ ಉಪ್ಪನ್ನ ಮೂಟೆಗಟ್ಟಲೆ ಮಾರ್ತಿದ್ದ ಅವನು. ಎಂಟು ತಿಂಗಳು ಹುಡುಗರು ಸಪ್ಪೆ ಗಂಜಿ ಕುಡಿದ್ರು. ಕಾಲು ಸೆಳೆತ ಬಂದು ನಡೆಯೋಕಾಗದೆ ಬಿದ್ರು. ನೀರಿನೋನು ಆ ಗಾಡಿ ಹೋಗೋದು ನೋಡಿದ್ದ. ಮೇಲಿನವರಿಗೆ ಹೇಳ್ತೀನಿ ಅಂದಿದ್ದ. ಯಾರ್ಯಾರಿಗೆ ಆಗಲೇ ಹೇಳಿದ್ನೋ ಏನೋ. ಓಡಿಹೋದೋನ ಮಾತನ್ನ ಯಾರು ನಂಬ್ತಾರೆ? ಅದಕ್ಕೇ ಹಂಗೆ ಬರೆದ."

"ನೀವ್ಯಾಕೆ ರುಜು ಹಾಕಿದ್ರಿ?"

ಮಾವನು ಕಣ್ಣೆತ್ತಿ ಸೂರನ್ನು ನೋಡಿದನು. ಅವನೊಡನೆ ಎಲ್ಲರೂ ನೋಡಿದರು. ತೊಲೆ, ಜಂತಿ, ಹೆಂಚು, ಹೆಂಚಿನ ಸಂದಿಯಲ್ಲಿ ತೌಡಿನ ದೂಳು. ಕೇಳಿದ ಪ್ರಶ್ನೆಗೆ ಅದಕ್ಕಿಂತ ವಿಸ್ತಾರವಾದ ಉತ್ತರ ಬೇಕಿರಲಿಲ್ಲ.

"ಆಗಿ ಹೋಗಿದ್ದು," ಎಂದನು ಗಂಡ, ಎಲ್ಲರಿಗಿಂತ ಮೊದಲು ಬಟ್ಟಲಿಗೆ ಕೈಹಾಕಿ. "ಸತ್ತೋನು ಎದ್ದು ಬರ್ತಾನಾ? ಮನೆ ಪತ್ರ ಕೈಗೆ ಬರ್ಲಿ. ಆಮೇಲೆ ಬೇಕಾದ್ರೆ ನಿಜ ಹೇಳೋಣ."

"ನಿಜಕ್ಕೆ ಮುಹೂರ್ತ ನೀವಿಡ್ತೀರಾ?" ಎಂದಳು ಸೊಸೆ.

"ನಿನಗೆ ಮನೆ ಬೇಡ್ವಾ ಹಂಗಾದ್ರೆ?"

ಅವಳಿಗೆ ಮನೆ ಬೇಕಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಅವಮಾನವೆನಿಸಿತು.

ಮರುದಿನ ಮಾವನ ಬಟ್ಟಲಿನ ಪಕ್ಕದಲ್ಲಿ ಮೊಟ್ಟೆ ಇರಲಿಲ್ಲ. ಅವನು ಕೇಳಲೂ ಇಲ್ಲ. ಐದನೆಯ ಹಿಡಿಯನ್ನು ಹಾಕುವಾಗ ಮಾತ್ರ ಅವನ ಕೈ ತಡೆಯಿತು. ಸೊಸೆ ನೋಡುತ್ತ ನಿಂತಿದ್ದಳು. ತಡವಾಗಿ ಬರುವವನು ಯಾರೆಂದು ಈಗ ಅವಳಿಗೆ ತಿಳಿದಿತ್ತು. ಉಪ್ಪಿಲ್ಲದ ಊಟದ ಕಾರಣವೂ ತಿಳಿದಿತ್ತು. ಇಷ್ಟು ವರ್ಷ ಹಟವೆಂದುಕೊಂಡಿದ್ದುದು ವ್ರತವೆಂದು ತಿಳಿದಾಗ ಭಕ್ತಿ ಹುಟ್ಟಬೇಕಿತ್ತು. ಅವಳಲ್ಲಿ ಹುಟ್ಟಿದುದು ಬರಿಯ ತಿರಸ್ಕಾರ.

"ಚೆನ್ನಾಗಿದೆ ಮಾವ," ಎಂದಳು. "ಅವನ ಮನೆಯೋರಿಗೆ ಅನ್ನ ತಪ್ಪಿಸಿ, ಅವನ ಹೆಸರಲ್ಲಿ ಕೋಳಿ ಸಾಕಿದ್ರಿ."

ಅವನ ಮನೆಯವರೆಂದರೆ ಈಗ ಉಳಿದಿದ್ದವಳು ಒಬ್ಬಳೇ: ನೀರಿನವನ ತಂಗಿ, ಊರೆಲ್ಲ ಇಸ್ತ್ರಿ ಅಜ್ಜಿಯೆಂದು ಕರೆಯುವ ಮುದುಕಿ. ಹೊಲಿದ ಸಮವಸ್ತ್ರಗಳನ್ನು ಸೊಸೆ ಒಯ್ಯುತ್ತಿದ್ದುದು ಅವಳಲ್ಲಿಗೇ. ಆ ವಾರ ಹೋದಾಗ ಮುದುಕಿಯು ತನ್ನ ಒಂಟಿ ಕೋಣೆಯಲ್ಲಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತುತ್ತ, ಹಾಸಿಗೆಯಷ್ಟು ಅಗಲದ ಒಂದು ಹೊಳೆಯುವ ಬಟ್ಟೆಯನ್ನು ತಿಕ್ಕುತ್ತಿದ್ದಳು.

"ಏನಜ್ಜಿ ಇದು, ಪರದೆನಾ?"

"ಕಲ್ಲಿಗೆ ಮುಸುಕು," ಎಂದಳು ಮುದುಕಿ. "ತೆರೆಯೋವರೆಗೂ ಮುಚ್ಚಿಡಬೇಕಂತೆ. ಒಂದು ಸುಕ್ಕು ಇರಬಾರದು ಅಂದವ್ರೆ. ಕಲ್ಲಿಗೂ ನಾಚಿಕೆ ಕಣಮ್ಮ ಈ ಊರಲ್ಲಿ."

"ನಿಮ್ಮನ್ನ ಕರೆದಿದ್ದಾರಾ ಆವತ್ತು?"

"ಕರೆದವ್ರೆ. ಮೇಜಿನ ಬಟ್ಟೆ ಹಾಸೋಕೆ." ಇಸ್ತ್ರಿಪೆಟ್ಟಿಗೆಯನ್ನು ಇಟ್ಟಿಗೆಯ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. "ನಮ್ಮಣ್ಣನ ಸುದ್ದಿ ಬಂದಾಗ ನಂಗೆ ಹದಿನಾರು. ಗಂಡು ಗೊತ್ತಾಗಿತ್ತು. ಓಡಿಹೋದೋನ ತಂಗಿ ಬೇಡ ಅಂದ್ರು. ಬೇಡ ಅಂದೋರ ಮನೆ ಅಂಗಿಗಳನ್ನೇ ಮೂವತ್ತು ವರ್ಷ ತಿಕ್ಕಿದೀನಿ. ಕಾಲರು ಯಾವಾಗ್ಲೂ ಕೊಳೆ ಆ ಮನೇವು." ನಕ್ಕಳು. "ನಿನ್ನ ಹೊಲಿಗೆ ಚೆನ್ನಾಗಿದೆ ಕಣೇ. ಒಳಗಿನ ಹೊಲಿಗೇನೂ ನೆಟ್ಟಗೆ ಹಾಕ್ತೀಯ."

ಸೊಸೆಯು ಮೆಚ್ಚುಗೆಯನ್ನು ಹೊತ್ತು ಮನೆಗೆ ಬಂದಳು. ಅದು ಬೈಗುಳಕ್ಕಿಂತ ಭಾರವಾಗಿತ್ತು.

"ಮಾವ, ಆ ದಿನ ಎಲ್ಲರ ಮುಂದೆ ಹೇಳ್ತೀರೋ ಇಲ್ವೋ?"

ಮಾವನು ಸೌಟನ್ನು ಬೂದಿ ಹಾಕಿ ಉಜ್ಜಿದನು. "ಯಾರಾದ್ರೂ ಕೇಳಿದ್ರೆ ಹೇಳ್ತೀನಿ."

"ಏನಂತ ಕೇಳಬೇಕು?"

"ಗಂಜಿ ಸಪ್ಪೆ ಯಾಕೆ ಅಂತ. ಕುಡಿದೋರು ಕೇಳೇ ಕೇಳ್ತಾರಲ್ಲ."

ಐವತ್ತು ವರ್ಷ ಮುಚ್ಚಿಟ್ಟ ಬಾಯಿಯು ಕಡೆಗೂ ತನ್ನ ಧೈರ್ಯವನ್ನು ಪರರ ನಾಲಗೆಯ ಮೇಲೆ ಇರಿಸಿತು.

ತೆರೆಯುವ ದಿನ ಬೆಳಿಗ್ಗೆ ಜಗಲಿಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಹೂಡಿ ದೊಡ್ಡ ಹಂಡೆ ಏರಿಸಿದರು. ಮಾವನು ಹೊಸ ಅಂಗಿಯಲ್ಲಿ ಸೌಟು ಹಿಡಿದು ಕುಳಿತನು. ಗಂಡನು ಸೊಸೆಯನ್ನು ಮರೆಗೆ ಕರೆದು ಒಂದು ಪೊಟ್ಟಣವನ್ನು ಅವಳ ಕೈಗೆ ತುರುಕಿದನು.

"ಉಪ್ಪು. ಅಪ್ಪನ ಕಣ್ಣು ತಪ್ಪಿಸಿ ಹಂಡೆಗೆ ಹಾಕಿಬಿಡು. ಯಜಮಾನ್ರು ಹೇಳಿದಾರೆ, ದೊಡ್ಡ ಅಧಿಕಾರಿಗಳು ಬರ್ತಾರೆ, ಸಪ್ಪೆ ಗಂಜಿ ಕೊಟ್ಟು ಮರ್ಯಾದೆ ಕಳೀಬೇಡಿ ಅಂತ. ಪತ್ರ ಆಗಲೇ ಬರೆಸಿಯಾಗಿದೆ, ಅವರ ಜೇಬಲ್ಲೇ ಇದೆ, ನಾನೇ ನೋಡ್ದೆ. ನಾಲ್ಕು ಹಿಡಿ ಉಪ್ಪು ಕಣೇ. ಇಷ್ಟೇ ಕೆಲಸ."

ಅವಳು ಹಂಡೆಯ ಬಳಿ ನಿಂತಳು. ಸೌದೆ ನೂಕಿದಳು, ತಳ ಕದಡಿದಳು. ಮಾವನು ನೀರು ತರಲೆಂದು ಎದ್ದುಹೋದನು, ಬಂದನು, ಮತ್ತೊಮ್ಮೆ ಹೋದನು. ಸೊಂಟಕ್ಕೆ ಸಿಕ್ಕಿಸಿಕೊಂಡ ಪೊಟ್ಟಣವು ಬೆವರಿಗೆ ಒದ್ದೆಯಾಗುತ್ತಿತ್ತು. ಗಂಜಿ ಕುದಿದು ಇಳಿಯಿತು; ಪೊಟ್ಟಣ ಸೊಂಟದಲ್ಲಿಯೇ ಉಳಿಯಿತು.

ಭಾಷಣಗಳಾದವು. ಸಮಿತಿಯ ಹನ್ನೊಂದು ಜನರೂ ಮಾತನಾಡಿದರು. ತ್ಯಾಗವೆಂಬ ಶಬ್ದವು ಅಂದು ಪಟ್ಟ ಪಾಡನ್ನು ಯಾವ ಯೋಧನೂ ಪಟ್ಟಿರಲಾರನು. ಅಧಿಕಾರಿಯು ದಾರ ಎಳೆದನು. ಒಂದು ಸುಕ್ಕೂ ಇಲ್ಲದ ಮುಸುಕು ಜಾರಿಬಿತ್ತು. ಮೇಲೆ ಹದಿನೇಳು ಹೆಸರು. ಕೆಳಗೆ ಅದರ ಎರಡರಷ್ಟು ದಪ್ಪದ ಅಕ್ಷರಗಳಲ್ಲಿ ಹನ್ನೊಂದು. ಕಲ್ಲು ಯಾರದೆಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಬಳಿಕ ಗಂಜಿ. ಮಾವನು ಬಡಿಸಿದನು, ಸೊಸೆ ಬಟ್ಟಲುಗಳನ್ನು ಕೊಟ್ಟಳು. ಅಧಿಕಾರಿಯು ಒಂದು ಗುಟುಕು ಕುಡಿದನು. ಅದು ಗಂಟಲಿನಲ್ಲಿ ಒಮ್ಮೆ ನಿಂತು, ಕರ್ತವ್ಯವನ್ನು ನೆನೆದು, ಇಳಿಯಿತು.

"ಅದ್ಭುತ," ಎಂದನು. "ಎಂಥ ಸರಳತೆ."

"ವೀರರ ಗಂಜಿ ಸರ್," ಎಂದನು ಗಿರಣಿ ಯಜಮಾನ, ಮುಖ ಹುಳ್ಳಗಾದರೂ ದೊಡ್ಡದಾಗಿ ಚಪ್ಪರಿಸುತ್ತ. "ಈ ರುಚಿ ಈಗ ಎಲ್ಲಿ ಸಿಗತ್ತೆ?"

"ಎಲ್ಲೂ ಸಿಗಲ್ಲ," ಎಂದರು ಇನ್ನಿಬ್ಬರು. ಊರಿಗೆ ಊರೇ ಸಪ್ಪೆ ಗಂಜಿಯನ್ನು ಕುಡಿದು ಹೊಗಳಿತು. ಒಬ್ಬನಾದರೂ ಕೇಳಲಿಲ್ಲ. ಮಾವನು ಪ್ರತಿಯೊಂದು ಮುಖವನ್ನೂ ನೋಡುತ್ತ ಸೌಟು ಎತ್ತುತ್ತಿದ್ದನು. ಹಂಡೆ ಇಳಿಯುತ್ತಿದ್ದಂತೆ ಅವನ ಹೆಗಲುಗಳು ಸಡಿಲವಾಗತೊಡಗಿದವು. ತಪ್ಪಿಸಿಕೊಂಡವನ ನೆಮ್ಮದಿಯು ಅವನ ಮುಖದ ಮೇಲೆ ಮೂಡುತ್ತಿರುವುದನ್ನು ಸೊಸೆ ಕಂಡಳು. ಅದನ್ನು ಸಹಿಸುವುದು ಅವಳಿಂದಾಗಲಿಲ್ಲ.

"ಮಾವ," ಎಂದಳು. ಯಂತ್ರದ ಸದ್ದಿನ ಮೇಲೆ ಮಾತನಾಡಿ ಪಳಗಿದ ದನಿ ಅವಳದು. ಕಡೆಯ ಸಾಲಿನವರೆಗೂ ಕೇಳಿಸಿತು. "ಗಂಜಿಗೆ ಉಪ್ಪು ಯಾಕಿಲ್ಲ?"

ಗಂಡನ ಕೈಯ ಬಟ್ಟಲು ನಿಂತಿತು. ಅವನು ಅವಳ ಸೊಂಟವನ್ನು ನೋಡಿದನು.

ಮಾವನು ಸೌಟನ್ನು ಹಂಡೆಯ ಕಂಠಕ್ಕೆ ಒರಗಿಸಿದನು. "ಆಗಲೂ ಇರಲಿಲ್ಲ," ಎಂದನು. "ಎಂಟು ತಿಂಗಳು ಇರಲಿಲ್ಲ. ದಂಡಿನ ಉಪ್ಪನ್ನ ಮಾರ್ಕೊಂಡಿದ್ರು."

"ಯಾರು?" ಎಂದನು ಅಧಿಕಾರಿ, ಬಟ್ಟಲನ್ನು ಕೆಳಗಿಡಲು ಒಂದು ನೆವ ಸಿಕ್ಕ ಸಂತೋಷದಲ್ಲಿ.

"ಅವನ ಹೆಸರು ಆ ಕಲ್ಲಲ್ಲಿದೆ. ಮೇಲಿಂದ ಮೂರನೇದು."

ಎಲ್ಲರ ತಲೆಗಳೂ ಕಲ್ಲಿನ ಕಡೆಗೆ ತಿರುಗಿ, ಎಣಿಸಿ, ಅಲ್ಲಿಂದ ಗಿರಣಿ ಯಜಮಾನನ ಕಡೆಗೆ ತಿರುಗಿದವು.

"ಅದನ್ನ ಕಂಡೋನ ಹೆಸರು ಕಲ್ಲಲ್ಲಿಲ್ಲ," ಎಂದನು ಮಾವ. "ನೀರಿನೋನು. ಓಡಿಹೋಗಲಿಲ್ಲ ಅವನು. ನಮಗೆ ನೀರು ತರೋಕೆ ಹೋಗಿ ಹೊಳೇಲಿ ಸತ್ತ."

"ಅರಳುಮರಳು ಸರ್, ವಯಸ್ಸಾಯ್ತು," ಎಂದು ಗಂಡನು ಮುಂದೆ ನುಗ್ಗಿದನು. "ಅಪ್ಪಂಗೆ ತಲೆ ಸರಿ ಇಲ್ಲ. ರುಜುನೂ ನಾನೇ..." ಎಂದವನು ಅಲ್ಲಿಗೇ ನಾಲಗೆ ಕಚ್ಚಿಕೊಂಡನು.

ಮೇಜಿನ ಬಟ್ಟೆಗಳನ್ನು ಮಡಿಸುತ್ತಿದ್ದ ಇಸ್ತ್ರಿ ಅಜ್ಜಿಯು ಮಡಿಕೆಯನ್ನು ಮುಗಿಸಿ, ಅಂಚಿಗೆ ಅಂಚು ಕೂಡಿಸಿ, ಮೇಜಿನ ಮೇಲಿಟ್ಟು, ನಿಧಾನವಾಗಿ ಹಂಡೆಯ ಬಳಿಗೆ ಬಂದಳು. ಜನ ದಾರಿ ಬಿಟ್ಟರು.

"ಓಡಿಹೋದ ಅಂತ ಕಾಗದಕ್ಕೆ ರುಜು ಹಾಕಿದ್ದು ಯಾರು?"

"ನಾನೇ," ಎಂದನು ಮಾವ. ಬಟ್ಟಲು ತುಂಬಿ ಎರಡೂ ಕೈಯಲ್ಲಿ ಚಾಚಿದನು. "ದಿನಾ ಅವನಿಗೆ ಅಂತ ಒಂದು ಹಿಡಿ ಹಾಕ್ತಿದ್ದೆ ಕಣಮ್ಮ. ಐವತ್ತು ವರ್ಷ. ಒಂದು ದಿನ ತಪ್ಪಿಸಿಲ್ಲ."

"ಯಾರು ತಿಂದ್ರು?"

ಅವನು ತಲೆ ತಗ್ಗಿಸಿದನು. "ಕೋಳಿ."

"ಒಳ್ಳೇದು," ಎಂದಳು ಮುದುಕಿ. "ನಮ್ಮನೆ ನಿನಗೆ ಗೊತ್ತಿರಲಿಲ್ವಾ? ಗಿರಣಿಯಿಂದ ಎಂಟು ಮನೆ."

ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. ಕಲ್ಲಿನ ಮುಸುಕನ್ನು ನೆಲದಿಂದ ಎತ್ತಿ, ದೂಳು ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟಳು. ಬಟ್ಟೆ ತಿಕ್ಕಿದ ಕೂಲಿ ಇನ್ನೂ ಬಂದಿರಲಿಲ್ಲ.

ಮುಂದಿನ ವಾರ ಸಮಿತಿಯು ಎಂಟನೆಯ ಸಲ ಕೂಡಿತು. ಆ ಎರಡು ಹೆಸರುಗಳ ವಿಷಯವೇನಾಯಿತೆಂದು ಅಧಿಕಾರಿಯಿಂದ ಓಲೆ ಬಂದಿತ್ತು. ಮೂರನೆಯ ಹೆಸರನ್ನು ಅಳಿಸಿದರೆ ಕಲ್ಲು ಕೆಡುವುದೆಂದೂ, ನೀರಿನವನ ಹೆಸರನ್ನು ಸ್ಥಳವಿದ್ದಲ್ಲಿ ಸೇರಿಸಬಹುದೆಂದೂ ಒಮ್ಮತದಿಂದ ನಿರ್ಣಯವಾಯಿತು. ಕಲ್ಲು ಕೊರೆಯುವವನು ಬಂದು ಗೇಣು ಹಾಕಿ ನೋಡಿ, ಸಮಿತಿಯವರ ಹನ್ನೊಂದು ಹೆಸರುಗಳಿರುವವರೆಗೆ ಸ್ಥಳವಿಲ್ಲವೆಂದು ತಿಳಿಸಿದನು. ವಿಷಯವನ್ನು ಅಲ್ಲಿಗೆ ಕೈಬಿಡಲಾಯಿತು. ತಿಂಗಳೊಳಗೆ ಜನ ಜಗಲಿಯ ಮೇಲೆ ಕುಳಿತು ಹರಟೆ ಹೊಡೆಯತೊಡಗಿದರು. ಒರಗಿಕೊಳ್ಳಲು ಕಲ್ಲು ತಂಪಾಗಿತ್ತು.

ಮನೆ ಬಿಡಲು ಯಜಮಾನನು ಹದಿನೈದು ದಿನದ ಗಡುವು ಕೊಟ್ಟನು. ಗಂಡನು ಮೂರು ಸಲ ಗಿರಣಿಗೆ ಹೋಗಿ ಕೈಮುಗಿದು ಬಂದನು. ನಾಲ್ಕನೆಯ ಸಲ ಹೊರಟವನನ್ನು ಸೊಸೆ ತಡೆದಳು.

"ಈ ಮಂಚದ ಆ ಕಡೆ ಹಿಡೀರಿ. ಬೆನ್ನು ಹೇಗೂ ಬಗ್ಗಿದೆಯಲ್ಲ."

"ಎಲ್ಲಾ ನಿನ್ನಿಂದ," ಎಂದನು ಗಂಡ, ಮಂಚ ಹಿಡಿದು. "ನಾಲ್ಕು ಹಿಡಿ ಉಪ್ಪು. ಹಾಕಿದ್ರೆ ಏನಾಗ್ತಿತ್ತು?"

"ನಿಮ್ಮ ಮನೆ ಆಗ್ತಿತ್ತು," ಎಂದಳು.

ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ತೌಡಿನ ದೂಳಿರಲಿಲ್ಲ; ಹಿತ್ತಿಲೂ ಇರಲಿಲ್ಲವಾಗಿ ಕೋಳಿಗಳನ್ನು ಮಾರಬೇಕಾಯಿತು. ಮೊದಲ ಬೆಳಗ್ಗೆ ಸೊಸೆಯೇ ಅಕ್ಕಿಯ ಡಬ್ಬಿಯ ಮುಂದೆ ಕುಳಿತಳು. ನಾಲ್ಕು ಹಿಡಿಯನ್ನು ಪಾತ್ರೆಗೆ ಹಾಕಿ, ಐದನೆಯದನ್ನು ಒಂದು ಸಣ್ಣ ಬಟ್ಟಲಿಗೆ ಸುರಿದು ಮಾವನ ಮುಂದಿಟ್ಟಳು.

"ತಗೊಂಡು ಹೋಗಿ ಕೊಟ್ಟು ಬನ್ನಿ. ಇಲ್ಲಿಂದ ನಾಲ್ಕೇ ಮನೆ."

ಮಾವನು ಹೋದನು. ಅಕ್ಕಿಯೊಡನೆಯೇ ಹಿಂದಿರುಗಿದನು.

"ಬಾಗಿಲು ತೆಗೀಲಿಲ್ಲ."

"ನಾಳೆ ಹೋಗಿ."

"ನಾಳೇನೂ ತೆಗೆಯಲ್ಲ ಅವಳು."

"ತೆಗೆಯೋದು ಬಿಡೋದು ಅವರಿಷ್ಟ. ಹೋಗೋದು ನಿಮ್ಮ ಕೆಲಸ."

ಮೂರು ವಾರ ಅವನು ಹೋದನು. ಬೆಳಗಿನ ಹೊತ್ತಿನಲ್ಲಿ ಬೀದಿಯವರೆಲ್ಲ ನೋಡುತ್ತಿದ್ದಂತೆ ಆ ಮುಚ್ಚಿದ ಬಾಗಿಲ ಮುಂದೆ ಬಟ್ಟಲು ಹಿಡಿದು ನಿಲ್ಲುವನು. ಒಳಗಿನಿಂದ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಸರಿಯುವ ಸದ್ದು ಬರುವುದು. ಸ್ವಲ್ಪ ಹೊತ್ತಿನ ಮೇಲೆ ಮರಳುವನು. ಆದರೂ ದಿನ ಕಳೆದಂತೆ ಅವನ ಮುಖದಲ್ಲಿ ಒಂದು ಬಗೆಯ ಹಗುರತನ ಕಾಣಿಸತೊಡಗಿತು. ಊಟದಲ್ಲಿ ಒಂದೆರಡು ಮಾತನಾಡಿದನು. ಮೊಮ್ಮಗಳೊಡನೆ ನಕ್ಕನು. ಹೇಳಬೇಕಾದುದನ್ನು ಹೇಳಿಯಾಯಿತು, ಋಣ ಹರಿಯಿತು ಎಂಬಂತಿತ್ತು ಅವನ ನಡೆ.

ಒಂದು ಸಂಜೆ ನಾಲ್ವರೂ ಗಂಜಿಗೆ ಕುಳಿತಿದ್ದರು. ಮೊಮ್ಮಗಳು ಉಪ್ಪು ಉದುರಿಸಿಕೊಂಡು ಡಬ್ಬಿಯನ್ನು ನಡುವೆ ಇಟ್ಟಳು. ಮಾವನು ಒಂದು ಗಳಿಗೆ ಅದನ್ನು ನೋಡಿದನು. ಬಳಿಕ, ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಅದರ ಕಡೆಗೆ ಕೈ ಚಾಚಿದನು.

ಸೊಸೆಯು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಳ ಹಾಕಿದಳು.

"ಈಗಲೇ ಬೇಡ, ಮಾವ," ಎಂದಳು. "ಆ ಬಾಗಿಲು ತೆಗೀಲಿ. ಆಮೇಲೆ."